ಹೆಬ್ರಿಡೀಸಿನ ಕಲ್ಲು ನಡುಗಡ್ಡೆಗಳಲ್ಲಿ ರಾತ್ರಿ ಲಂಗರು ಎಲ್ಲಿ ಹಾಕಬೇಕು?

ನಿಮ್ಮ ಪ್ರಶ್ನೆ ಇದು: ಹುಬ್ಬಳ್ಳಿಯಿಂದ ನಾಲ್ವರು ಗೆಳೆಯರು ಜುಲೈನಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಹೆಬ್ರಿಡೀಸ್ ದ್ವೀಪಗಳಿಗೆ ಹೋಗಿ 36 ಅಡಿಯ ಹಾಯಿದೋಣಿ ಬಾಡಿಗೆ ಹಿಡಿಯುತ್ತಿದ್ದೀರಿ. ದೋಣಿ ನಡೆಸಲು ಒಬ್ಬರಿಗೆ ಬರುತ್ತದೆ. ಮರೀನಾದ ಗದ್ದಲ ಬೇಡ, ಬಂಡೆ, ನೀರು, ಹಕ್ಕಿ ಬಿಟ್ಟು ಬೇರೇನೂ ಇರದ ಕಡೆ ರಾತ್ರಿ ನಿಲ್ಲಬೇಕು. ಅಂಥ ಜಾಗ ಆರಿಸುವುದು ಹೇಗೆ?

ಫೋಟೋ ನೋಡಿ ಆರಿಸಬೇಡಿರಿ. ಸಂಜೆ ಏಳಕ್ಕೆ ಕನ್ನಡಿಯಂತಿದ್ದ ನೀರು ರಾತ್ರಿ ಎರಡಕ್ಕೆ ಹೇಗಿರುತ್ತದೆ ಎಂಬುದನ್ನು ಚಾರ್ಟ್ (ಆಳ, ಬಂಡೆ ತೋರಿಸುವ ಕಡಲ ನಕ್ಷೆ), ಭರತದ ಪಟ್ಟಿ, ಹವಾಮಾನ ವರದಿ ಮೂರನ್ನೂ ಒಟ್ಟಿಗೆ ಓದಿದರೆ ಮಾತ್ರ ಹೇಳಬಹುದು. ಚೆಂದ ಕೊನೆಗೆ ನೋಡುವ ವಿಷಯ. ಆ ಸೀಮೆಯಲ್ಲಿ ಚೆಂದಕ್ಕೇನೂ ಬರಗಾಲವಿಲ್ಲ.

ಗಾಳಿಯ ಲೆಕ್ಕ ಮುಂದಿನ ಹನ್ನೆರಡು ತಾಸಿಗೆ ಹಾಕಿರಿ. ವಾಯುಭಾರ ಕುಸಿತವೊಂದು ಉತ್ತರದ ಕಡೆಯಿಂದ ಹಾದುಹೋಗುವಾಗ ಗಾಳಿ ದಕ್ಷಿಣದಿಂದ ಶುರುವಾಗಿ ನೈಋತ್ಯ, ಪಶ್ಚಿಮ, ಕೊನೆಗೆ ವಾಯವ್ಯಕ್ಕೆ ತಿರುಗುತ್ತದೆ. ದಕ್ಷಿಣಕ್ಕೆ ಮರೆಯಿದ್ದು ವಾಯವ್ಯಕ್ಕೆ ಬಾಯಿ ತೆರೆದ ಕೊಲ್ಲಿಯಲ್ಲಿ ನೀವು ಮಲಗಿದ್ದರೆ ನಸುಕಿನಲ್ಲಿ ಗಾಳಿ ನೇರ ಒಳಗೆ ನುಗ್ಗಿ ದೋಣಿಯನ್ನು ಬಂಡೆಯ ಕಡೆ ತಳ್ಳುತ್ತಿರುತ್ತದೆ. ಶಿಯಂಟ್ ನಡುಗಡ್ಡೆಗಳು ಈ ವಿಷಯದಲ್ಲಿ ಅನುಕೂಲ: ಎರಡು ನಡುಗಡ್ಡೆಗಳನ್ನು ಕೂಡಿಸುವ ಕಿರಿದಾದ ಕಲ್ಲುಹರಳಿನ ದಂಡೆಯ ಎರಡೂ ಮಗ್ಗುಲಿಗೆ ನಿಲ್ಲಬಹುದು, ಗಾಳಿ ತಿರುಗಿದರೆ ಈಚೆಯಿಂದ ಆಚೆಗೆ ಹೋಗಬಹುದು. ಸೇಂಟ್ ಕಿಲ್ಡಾ ದ್ವೀಪಗಳ ವಿಲೇಜ್ ಬೇ ಎಂಬ ಕೊಲ್ಲಿ ಆಗ್ನೇಯಕ್ಕೆ ತೆರೆದಿದೆ. ಪೂರ್ವದ ಗಾಳಿಯ ಸೂಚನೆ ಇದ್ದರೆ ಅಲ್ಲಿ ರಾತ್ರಿ ಉಳಿಯುವ ಮಾತೇ ಬೇಡ.

ಎತ್ತರದ ಗುಡ್ಡ ಗಾಳಿಗೆ ಅಡ್ಡ ನಿಂತರೆ ಒಳ್ಳೆಯದೆಂದು ನಮ್ಮ ಕಡೆಯವರಿಗೆ ಅನಿಸುವುದು ಸಹಜ. ಆದರೆ ಕಡಿದಾದ ಗುಡ್ಡ ದಾಟಿದ ಗಾಳಿ ಆಚೆಗೆ ಧೊಪ್ಪನೆ ಬೀಳುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಕೈ ದ್ವೀಪದ ಲಾಖ್ ಸ್ಕಾವೇಗ್ ಎಂಬ ಕೊಲ್ಲಿ ಬಹುಶಃ ಆ ಸೀಮೆಯಲ್ಲೇ ಅತಿ ಚೆಂದದ ತಾಣ. ಕೂಲಿನ್ ಬೆಟ್ಟಗಳಿಂದ ಇಳಿಯುವ ಹೊಡೆತಕ್ಕೂ ಅದು ಅಷ್ಟೇ ಹೆಸರುವಾಸಿ. ಮಂದ ಗಾಳಿಯ ದಿನಕ್ಕೆ ಅದನ್ನು ಇಟ್ಟುಕೊಳ್ಳಿರಿ. ಜೋರು ಗಾಳಿಗೆ ತಗ್ಗು ನೆಲದ ಮರೆಯೇ ಲೇಸು. ರೋನಾ ದ್ವೀಪದ ಅಕಾರ್ಸೈಡ್ ಮೋರ್ ಎಂಬ ಸುತ್ತುವರಿದ ಮಡು ಅಂಥದ್ದು.

ಹೊಸಬರು ತಪ್ಪುವುದು ಹೆಚ್ಚಾಗಿ ಅಲೆಯ ಲೆಕ್ಕದಲ್ಲಿ. ಅಟ್ಲಾಂಟಿಕ್‌ನ ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆ ಗಾಳಿ ಸತ್ತ ಮೇಲೂ ಎರಡು-ಮೂರು ದಿನ ಬರುತ್ತಿರುತ್ತದೆ, ಭೂಶಿರದ ಮೂಲೆಯಲ್ಲಿ ಬಾಗಿ ಕೊಲ್ಲಿಯೊಳಗೆ ತೂರುತ್ತದೆ. ಇನ್ನೊಂದು ಮೋಸ: ಚಾರ್ಟಿನಲ್ಲಿ ಹಸಿರು ಬಣ್ಣದ ಬಂಡೆಸಾಲು ಕೊಲ್ಲಿಯ ಬಾಯಿಗೆ ಕಟ್ಟೆಯಂತೆ ಕಾಣುತ್ತದೆ. ಹಸಿರೆಂದರೆ ಇಳಿತದಲ್ಲಿ ಮಾತ್ರ ನೀರಿನಿಂದ ಮೇಲೆ ಏಳುವ ಬಂಡೆ. ಭರತ ಬಂದಾಗ ಅದು ಮುಳುಗುತ್ತದೆ, ಅಲೆ ಅದರ ಮೇಲಿಂದ ಹಾಯುತ್ತದೆ, ಭರತದ ಆಚೀಚೆ ಎರಡು-ಮೂರು ತಾಸು ದೋಣಿ ತೊಟ್ಟಿಲಿನಂತೆ ತೂಗುತ್ತದೆ. ಹಾಗಾಗಿ ರಾತ್ರಿಯ ಭರತ ಎಷ್ಟು ಗಂಟೆಗೆ ಎಂದು ನೋಡಿಯೇ ಕಟ್ಟೆಯನ್ನು ನಂಬಿರಿ.

ಭರತದ ಏರಿಳಿತ ಕಾರವಾರದಲ್ಲಿ ಎರಡು ಮೀಟರಿನ ಆಸುಪಾಸು. ಹೆಬ್ರಿಡೀಸಿನ ಬಹಳ ಕಡೆ ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಸುಮಾರು ನಾಲ್ಕು ಮೀಟರ್, ಅಷ್ಟಮಿಯ ಸುಮಾರಿಗೆ ಅದರ ಅರ್ಧ. ಲೆಕ್ಕ ಹೀಗೆ: ಈಗ ಆಳ 4 ಮೀಟರ್, ಇನ್ನೂ 1.5 ಇಳಿಯುತ್ತದೆ, ಆಮೇಲೆ ಈಗಿನ ಮಟ್ಟಕ್ಕಿಂತ 2.5 ಏರುತ್ತದೆ ಎನ್ನಿ. ಇಳಿತದಲ್ಲಿ 2.5 ಮೀಟರ್ ಉಳಿಯಿತು, ದೋಣಿ 1.9 ಮೀಟರ್ ಮುಳುಗುವುದಾದರೆ ಅಡಿಗೆ 60 ಸೆಂಟಿಮೀಟರ್ ನೀರು. ಮಂದ ನೀರಿಗೆ ಸಾಕು, ಅಲೆಯಿದ್ದರೆ ಸಾಲದು. ಭರತದಲ್ಲಿ 6.5, ಅದಕ್ಕೆ ದೋಣಿಯ ಮೂತಿಯ ಎತ್ತರ 1.2 ಕೂಡಿಸಿರಿ, 7.7. ಲಂಗರಿಗೆ ಕಟ್ಟಿದ್ದು ಪೂರ್ತಿ ಚೈನ್ ಆದರೆ ಇದರ ಐದು ಪಟ್ಟು, ಅಂದರೆ 39 ಮೀಟರ್ ಬಿಡಿರಿ. ಚೈನ್ ಜೊತೆ ಹಗ್ಗವಿದ್ದರೆ ಏಳು ಪಟ್ಟು. ಆಳ ತೋರಿಸುವ ಸೌಂಡರ್ ನೀರಿನ ಮಟ್ಟದಿಂದ ಎಣಿಸುತ್ತದೋ ದೋಣಿಯ ಅಡಿಯಿಂದಲೋ ಎಂದು ದೋಣಿ ಕೈಗೆ ಬಂದ ದಿನವೇ ಕೇಳಿಕೊಳ್ಳಿರಿ. ಚೈನ್ ಒಟ್ಟು ಎಷ್ಟು ಮೀಟರ್, ಗುರುತಿನ ಬಣ್ಣ ಯಾವುದು ಎಂಬುದನ್ನೂ.

ಇಷ್ಟುದ್ದ ಯಾಕೆಂದರೆ, ಲಂಗರು ರಂಟಿ ಇದ್ದ ಹಾಗೆ. ಎಳೆತ ನೆಲಕ್ಕೆ ಸಮನಾಗಿದ್ದರೆ ಕಚ್ಚಿ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ನೆಲವೂ ಹೊಲದ ಲೆಕ್ಕವೇ: ನವಲಗುಂದದ ಎರೆಯಂಥ ಕೆಸರು, ಗಟ್ಟಿ ಮರಳು ಚೆನ್ನಾಗಿ ಹಿಡಿಯುತ್ತವೆ, ಬರೀ ಬಂಡೆಯ ಮೇಲೆ ಜಾರುತ್ತದೆ, ಇಲ್ಲವೇ ಬಿರುಕಿಗೆ ಸಿಕ್ಕಿ ಬೆಳಿಗ್ಗೆ ಬರುವುದೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕೆಲ್ಪ್ ಎಂಬ ಅಗಲ ಎಲೆಯ ಕಡಲಕಳೆ. ಲಂಗರು ಅದರ ಬೇರಿಗೆ ಸಿಕ್ಕಿ ಹಿಡಿದಂತೆ ನಟಿಸುತ್ತದೆ, ಗಾಳಿ ಏರಿದಾಗ ಬುಡಸಮೇತ ಕಿತ್ತುಕೊಂಡು ಹೊರಡುತ್ತದೆ. ಕ್ಯಾನಾ ದ್ವೀಪದ ಬಂದರಿನಲ್ಲಿ ಈ ಕಾಟವಿದೆ. ಬಿಸಿಲು ಬೆನ್ನ ಹಿಂದಿರುವಾಗ ಪೋಲರಾಯ್ಡ್ ಕನ್ನಡಕ ಹಾಕಿ ಒಳಗೆ ಹೋದರೆ ಮರಳು ತಿಳಿಯಾಗಿ, ಕಳೆ ಕಪ್ಪಾಗಿ ಕಾಣುತ್ತದೆ.

ಲಂಗರು ಬಿಡುವ ಮೊದಲು ದೋಣಿ ಸುತ್ತುವಷ್ಟು ಜಾಗವನ್ನು ನಿಧಾನ ಒಂದು ಸುತ್ತು ಹಾಕಿ ಆಳ ನೋಡಿರಿ. 39 ಮೀಟರ್ ಚೈನ್, 11 ಮೀಟರ್ ದೋಣಿ ಸೇರಿ ಸುಮಾರು 50 ಮೀಟರ್ ತ್ರಿಜ್ಯದೊಳಗೆ, ಅಂದರೆ ಎಲ್ಲ ದಿಕ್ಕಿಗೂ ಅಷ್ಟು ದೂರಕ್ಕೆ, ಬಂಡೆ ಇರಬಾರದು. ಚೈನ್ ಗುಡ್ಡೆ ಬೀಳದಂತೆ ಹಿಂದೆ ಸರಿಯುತ್ತ ಬಿಡಿರಿ. ಕೊನೆಗೆ ಎಂಜಿನ್ ರಿವರ್ಸ್‌ನಲ್ಲಿ ಹಾಕಿ ಮೆಲ್ಲಗೆ 2000 ಆರ್‌ಪಿಎಮ್‌ಗೆ ಏರಿಸಿ ಒಂದು ನಿಮಿಷ ಹಿಡಿಯಿರಿ. ಚೈನ್ ಮೇಲೆ ಪಾದ ಇಟ್ಟು ನೋಡಿರಿ; ಗಡಗಡ ನಡುಗಿದರೆ ಲಂಗರು ಎಳೆದು ಬರುತ್ತಿದೆ. ದಡದ ಎರಡು ಗುರುತು ಒಂದೇ ಗೆರೆಯಲ್ಲಿ ಅಲುಗದೆ ನಿಂತರೆ ಹಿಡಿದಿದೆ. ಎರಡು ಸಲ ಹಿಡಿಯದಿದ್ದರೆ ಹಟ ಬೇಡ, ಬೇರೆ ಕಡೆ ನಡೆಯಿರಿ. ಆಮೇಲೆ ಐದಾರು ಮೀಟರ್ ನೈಲಾನ್ ಹಗ್ಗವನ್ನು ಚೈನ್‌ಗೆ ಕೊಂಡಿ ಹಾಕಿ ಭಾರ ಅದರ ಮೇಲೆ ಬರುವಂತೆ ಕಟ್ಟಿರಿ. ಇಲ್ಲದಿದ್ದರೆ ಚೈನ್ ಕಲ್ಲಿಗೆ ಉಜ್ಜುವ ಸದ್ದು ರಾತ್ರಿಯಿಡೀ ತಲೆದಿಂಬಿನಲ್ಲೇ ಕೇಳುತ್ತದೆ, ನೀವು ಹುಡುಕಿಕೊಂಡು ಹೋದ ಶಾಂತಿ ಅಲ್ಲಿಗೆ ಮುಗಿಯಿತು.

ಚಾರ್ಟ್ ಬಗ್ಗೆಯೂ ಒಂದು ಮಾತು. ಒಳಗಿನ ಕೆಲವು ಮೂಲೆಗಳ ಅಳತೆ 19ನೇ ಶತಮಾನದಲ್ಲಿ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ನೋಡುತ್ತಿದ್ದ ಕಾಲದ್ದು. ಚಾರ್ಟನ್ನು ಪರದೆಯ ಮೇಲೆ ತೋರಿಸುವ ಪ್ಲಾಟರಿನಲ್ಲಿ ಹತ್ತಾರು ಮೀಟರ್ ಆಚೀಚೆ ಇರಬಹುದು, ಎಷ್ಟು ಜೂಮ್ ಮಾಡಿದರೂ ಅದು ಸರಿಹೋಗುವುದಿಲ್ಲ. ಆಂಟಾರೀಸ್ ಚಾರ್ಟ್‌ಗಳು ಇಂಥ ಸಣ್ಣ ತಾಣಗಳಿಗೆಂದೇ ಹೊಸದಾಗಿ ಅಳೆದವು, ಜೊತೆಗಿರಲಿ.

ನುಸಿಯನ್ನು ಮರೆಯಬೇಡಿರಿ. ಗಾಳಿಯೇ ಇಲ್ಲದ ಜುಲೈ ಸಂಜೆ ಅಲ್ಲಿನ ಮಿಜ್ ಮುತ್ತಿದರೆ ನಮ್ಮ ಗುಂಗಾಡು ಎಷ್ಟೋ ವಾಸಿ. ದಡಕ್ಕೆ ಅಂಟಿಕೊಳ್ಳದೆ ನೂರು ಮೀಟರಿಗಿಂತ ದೂರ, ಸಣ್ಣ ಗಾಳಿ ಆಡುವ ಕಡೆ ನಿಲ್ಲಿರಿ.

ಮಲಗುವ ಮೊದಲು, ದೋಣಿ ಜಾಗ ಬಿಟ್ಟು ಸರಿದರೆ ಎಚ್ಚರಿಸುವ ಆಂಕರ್ ಅಲಾರ್ಮ್ ಹಚ್ಚಿ, ಕತ್ತಲಲ್ಲಿ ಹೊರಬೀಳಲು ಬೇಕಾದ ದಿಕ್ಸೂಚಿಯ ಡಿಗ್ರಿಯನ್ನು ಕಾಗದದ ಮೇಲೆ ಬರೆದು ಚುಕ್ಕಾಣಿಯ ಹತ್ತಿರ ಅಂಟಿಸಿರಿ.