ಮಿತಿ 50, ಮೀಟರ್‌ನಲ್ಲಿ 54: ದಂಡ ಬರುತ್ತಾ?

50ರ ವೇಗಮಿತಿ ಇದ್ದ ಕಡೆ ಗಾಡಿಯ ಮೀಟರ್ 54 ತೋರಿಸುವಾಗ ಕ್ಯಾಮೆರಾ ಮಿಂಚಿತು, ಶೇ. 10ರಷ್ಟು ವಿನಾಯಿತಿ ಇದೆಯಲ್ವಾ ಅಂತ ಕೇಳಿದ್ದೀರಿ. ಎಲ್ಲ ಕಡೆಗೂ ಒಂದೇ ಲೆಕ್ಕ ಇಲ್ಲ. ಜನ ಇಲ್ಲಿ ಎರಡು ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ.

ಒಂದು, ಯಂತ್ರದ ತಪ್ಪಿಗೆ ಬಿಡುವ ಅಂಚು. ಜರ್ಮನಿಯಲ್ಲಿ ಸಾಮಾನ್ಯವಾಗಿ 100 ಕಿ.ಮೀ. ವೇಗದವರೆಗೆ 3 ಕಿ.ಮೀ., ಅದಕ್ಕಿಂತ ಜಾಸ್ತಿ ಇದ್ದರೆ ಶೇ. 3 ಕಳೆದು, ಉಳಿದದ್ದಕ್ಕೆ ದಂಡ ಹಾಕುತ್ತಾರೆ. ಇನ್ನೊಂದು, ಪೊಲೀಸರು ತಾವಾಗಿ ಬಿಡುವ ಅಂಚು. ಬ್ರಿಟನ್ನಿನ ಪೊಲೀಸ್ ಮುಖ್ಯಸ್ಥರ ಮಾರ್ಗಸೂಚಿ ಶೇ. 10ರ ಮೇಲೆ 2 ಮೈಲಿ ಅನ್ನುತ್ತದೆ. ಅಂದರೆ 30 ಮೈಲಿ ಮಿತಿಗೆ 35, 70ಕ್ಕೆ 79. ನೀವು ಕೇಳಿದ ಶೇ. 10 ಬಹುಶಃ ಇಲ್ಲಿಂದ ಬಂದದ್ದು. ಆದರೆ ಅದು ಹಕ್ಕಲ್ಲ. 31ಕ್ಕೇ ಕಾನೂನು ಮುರಿದಾಯಿತು. ಶಾಲೆ ಮುಂದೆ 32ರಲ್ಲಿ ಹೋದವರನ್ನು ಹಿಡಿದರೂ "ಅಂಚು ಇತ್ತಲ್ಲ ಸ್ವಾಮಿ" ಅನ್ನುವ ವಾದ ನಡೆಯುವುದಿಲ್ಲ.

ನಿಮಗೆ ಸಮಾಧಾನದ ಮಾತು ಬೇರೆ ಇದೆ. ಮೀಟರ್ ತೋರಿಸುವ 54 ನಿಮ್ಮ ನಿಜವಾದ ವೇಗ ಆಗಿರಲಿಕ್ಕಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ ಪಾಲಿಸುವ ದೇಶಗಳಲ್ಲಿ ಮೀಟರ್ ಕಡಿಮೆ ತೋರಿಸುವಂತಿಲ್ಲ, ಜಾಸ್ತಿ ತೋರಿಸಬಹುದು. ಹಾಗಾಗಿ ನೀವು 51ರ ಆಸುಪಾಸಿನಲ್ಲಿ ಇದ್ದಿರಬಹುದು. ಒಮ್ಮೆ ನೇರ ರಸ್ತೆಯಲ್ಲಿ ಒಂದೇ ವೇಗ ಹಿಡಿದು, ಪಕ್ಕದಲ್ಲಿ ಕೂತವರಿಗೆ ಫೋನಿನ ಜಿಪಿಎಸ್ ನೋಡಲು ಹೇಳಿ. ವ್ಯತ್ಯಾಸ ಗೊತ್ತಾಗುತ್ತದೆ. ದೊಡ್ಡ ಟೈರ್ ಹಾಕಿಸಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ, ಆಗ ಮೀಟರೇ ಕಡಿಮೆ ತೋರಿಸಬಹುದು.