ಜ್ಯೂರಿಕ್‌ನ ನೆನಪಿನ ಫಲಕ

ಜ್ಯೂರಿಕ್‌ಗೆ ಹೋದಾಗ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಹುತಾತ್ಮರ ಸ್ಮಾರಕ ಏನಾದರೂ ನೋಡಬಹುದಾ ಅಂತ ಕೇಳಿದ್ದೀರಿ. ಇದೆ, ಆದರೆ ಗೋಪುರ-ಗೀಪುರ ಹುಡುಕಬೇಡಿ. ಲಿಮ್ಮಟ್ ನದಿ ದಡದ ಶಿಪ್ಫೆ ಎಂಬಲ್ಲಿ ಒಂದು ಫಲಕ, ಅಷ್ಟೇ. 2004ರಲ್ಲಿ ಹಾಕಿದ್ದು.

ಮೆನ್ನೊನೈಟರ ಮೂಲ ಇರುವುದು ಅನಾಬ್ಯಾಪ್ಟಿಸ್ಟ್ ಚಳವಳಿಯಲ್ಲಿ, ಅಂದರೆ ದೀಕ್ಷಾಸ್ನಾನ ಶಿಶುಗಳಿಗಲ್ಲ, ನಂಬಿಕೆಯಿಟ್ಟ ದೊಡ್ಡವರಿಗೆ ಎಂದವರ ಚಳವಳಿಯಲ್ಲಿ. ಅದರ ಮೊದಲಿಗರಲ್ಲಿ ಒಬ್ಬ ಫೆಲಿಕ್ಸ್ ಮಾಂಟ್ಸ್. 1527ರ ಜನವರಿ 5ರಂದು ಇದೇ ನದಿಯಲ್ಲಿ ಅವನನ್ನು ಮುಳುಗಿಸಿದರು. ಎರಡೂ ಕೈ ಕಟ್ಟಿ, ಆ ಕೈಗಳನ್ನು ಮೊಣಕಾಲಿನ ಕೆಳಗೆ ಇಳಿಸಿ, ತೋಳು-ಮೊಣಕಾಲುಗಳ ನಡುವೆ ಕೋಲು ತೂರಿಸಿ ನೀರಿಗೆ ತಳ್ಳಿದ್ದು. ತಪ್ಪೇನು? ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟಿದ್ದು. ಅದಕ್ಕೇ ನೀರಿನ ಶಿಕ್ಷೆ, ಎಂಥಾ ಕುಹಕ ಅಲ್ವಾ! ದಡದಲ್ಲಿದ್ದ ತಾಯಿ ನಂಬಿಕೆ ಬಿಡಬೇಡ ಎಂದು ಕೂಗುತ್ತಿದ್ದಳಂತೆ. ಕೊಂದವರು ಕ್ಯಾಥೊಲಿಕರಲ್ಲ, ಪ್ರೊಟೆಸ್ಟೆಂಟ್ ಸುಧಾರಣೆಯ ಪರವಿದ್ದ ನಗರಸಭೆಯೇ.

1614ರಲ್ಲಿ ಕೊಲ್ಲಲ್ಪಟ್ಟ ಇನ್ನೊಬ್ಬ ಅನಾಬ್ಯಾಪ್ಟಿಸ್ಟ್ ಹಾನ್ಸ್ ಲಾಂಡಿಸ್ ಹೆಸರೂ ಫಲಕದಲ್ಲಿದೆ. ಬರಹ ಜರ್ಮನ್‌ನಲ್ಲಿದೆ, ಫೋನಿನಲ್ಲಿ ಅನುವಾದದ ಆ್ಯಪ್ ಇಟ್ಟುಕೊಳ್ಳಿ.