ಕೋಟಿ ಬೆಲೆಯ ಚುಕ್ಕಿ ಚಿತ್ರ: ದುಡ್ಡು ಯಾರ ಕೈಗೆ?

ನೀವು ಕೇಳಿರೋದು ಎರಡು ಪ್ರಶ್ನೆ. ಆಸ್ಟ್ರೇಲಿಯಾದ ಆದಿವಾಸಿಗಳ ಚುಕ್ಕಿ ಚಿತ್ರ ಕೋಟಿಗಟ್ಟಲೆಗೆ ಹೋಗುತ್ತದಲ್ಲ, ಆ ದುಡ್ಡು ಬಿಡಿಸಿದವರಿಗೆ ಸಿಗುತ್ತಾ? ಈ ಕ್ಯುರೇಟರ್ ಅನ್ನೋರು ಮಾಡೋದಾದರೂ ಏನು? ನಾನು ಕಲಾವಿದೆ ಅಲ್ಲ, ಕ್ಯಾನ್ಬೆರಾದಲ್ಲಿ ಲೆಕ್ಕ ಬರೆಯೋ ಕೆಲಸ ನನ್ನದು. ಹಾಗಾಗಿ ದುಡ್ಡಿನಿಂದಲೇ ಶುರು ಮಾಡ್ತೀನಿ.

ಕೋಟಿ ಬರೋದು ಹೆಚ್ಚಾಗಿ ಎರಡನೇ ಮೂರನೇ ಸಲ ಮಾರಾಟ ಆದಾಗ. ಆಗ ಮಾರುವವರು ಬೇರೆ ಯಾರೋ. ಆದಿವಾಸಿ ಕಲಾವಿದ ಕ್ಲಿಫರ್ಡ್ ಪಾಸಮ್ 1977ರಲ್ಲಿ 'ವಾರ್ಲುಗುಲಾಂಗ್' ಅನ್ನೋ ದೊಡ್ಡ ಚಿತ್ರ ಬಿಡಿಸಿದರು. ಕಾಡಿಗೆ ಬೆಂಕಿ ಬಿದ್ದು ಅಣ್ಣತಮ್ಮ ಇಬ್ಬರೂ ಸುಟ್ಟುಹೋದ ಕಥೆ ಅದರಲ್ಲಿದೆ, ಹತ್ತಿರ ನಿಂತು ನೋಡಿದರೆ ಚುಕ್ಕಿಗಳ ನಡುವೆ ಅವರ ಅಸ್ಥಿಪಂಜರ ಕಾಣುತ್ತದೆ. ಒಂದು ಬ್ಯಾಂಕ್ ಅದನ್ನು 1,200 ಡಾಲರ್‌ಗೆ ಕೊಂಡು ತನ್ನ ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ತೂಗುಹಾಕಿತ್ತು! 2007ರಲ್ಲಿ ನಮ್ಮೂರಿನ ನ್ಯಾಷನಲ್ ಗ್ಯಾಲರಿ ಅದಕ್ಕೇ 24 ಲಕ್ಷ ಡಾಲರ್ ಕೊಟ್ಟಿತು. ಕ್ಲಿಫರ್ಡ್ 2002ರಲ್ಲೇ ತೀರಿಕೊಂಡಿದ್ದರು. ಮರುಮಾರಾಟದಲ್ಲಿ ಕಲಾವಿದರಿಗೋ ವಾರಸುದಾರರಿಗೋ ಶೇ. 5ರಷ್ಟು ಕೊಡಬೇಕು ಅನ್ನೋ ಕಾನೂನು ಜಾರಿಗೆ ಬಂದದ್ದು 2010ರಲ್ಲಿ.

ಇನ್ನೊಬ್ಬ ಆದಿವಾಸಿ ಕಲಾವಿದ ಆಲ್ಬರ್ಟ್ ನಮಜೀರಾ ಕಥೆ ಇನ್ನೂ ಬೇಜಾರು. ಅವರು 1959ರಲ್ಲಿ ತೀರಿಕೊಂಡರು. ಅವರ ಜಲವರ್ಣ ಚಿತ್ರಗಳ ಕಾಪಿರೈಟನ್ನು 1983ರಲ್ಲಿ ಅವರ ಆಸ್ತಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಟ್ರಸ್ಟಿ 8,500 ಡಾಲರ್‌ಗೆ ಮಾರಿಬಿಟ್ಟರು. ಮನೆಯವರಿಗೆ ಅದು ವಾಪಸ್ ಸಿಕ್ಕಿದ್ದು 2017ರಲ್ಲಿ.

ಇನ್ನು ಕ್ಯುರೇಟರ್. ಚಿತ್ರಕ್ಕೆ ಮೊಳೆ ಎಲ್ಲಿ ಹೊಡೀಬೇಕು ಅಂತ ಹೇಳೋರು ಅಂದುಕೊಂಡಿದ್ದೆ ನಾನೂ, ಜಾನ್ ಮಂಡೈನ್ ಅನ್ನೋ ಕ್ಯುರೇಟರ್ ಬಗ್ಗೆ ಓದುವ ತನಕ. ಅವರೂ ಆದಿವಾಸಿಯೇ, ಬಂಜಲಂಗ್ ಸಮುದಾಯದವರು. ದೇಶದ ಉತ್ತರದ ತುದಿಯ ಆರ್ನಮ್ ಲ್ಯಾಂಡಿನಲ್ಲಿ 16 ವರ್ಷ 'ಆರ್ಟ್ ಅಡ್ವೈಸರ್' ಆಗಿದ್ದರು. ಹೆಸರು ದೊಡ್ಡದು, ಕೆಲಸ ಅಂದರೆ ತೊಗಟೆ ಮೇಲೆ ಬಿಡಿಸಿದ ಚಿತ್ರ ಕೊಳ್ಳೋದು, ಯಾವ ಕಥೆ ಯಾವ ಮನೆತನದ್ದು ಅಂತ ಬರೆದಿಡೋದು, ಪ್ಯಾಕ್ ಮಾಡಿ ಪಟ್ಟಣಕ್ಕೆ ಕಳಿಸೋದು, ಹಣ ಬಂದರೆ ಸೇರಬೇಕಾದವರಿಗೆ ಸೇರಿಸೋದು. ಅರ್ಧ ಗುಮಾಸ್ತಿಕೆ ಅಲ್ವಾ?

1988ರಲ್ಲಿ ಬಿಳಿಯರು ಬಂದು 200 ವರ್ಷ ಅಂತ ದೇಶವೆಲ್ಲ ಹಬ್ಬ. ಆಗ ಆರ್ನಮ್ ಲ್ಯಾಂಡಿನ ರಾಮಿಂಗಿನಿಂಗ್ ಅನ್ನೋ ಊರು ಮತ್ತು ಸುತ್ತಮುತ್ತಲ 43 ಕಲಾವಿದರು ಮಂಡೈನ್ ಜೊತೆ ಸೇರಿ ಗೆದ್ದಲು ತಿಂದು ಟೊಳ್ಳಾದ ಮರಗಳ 200 ಕಂಬ ಮಾಡಿದರು, ವರ್ಷಕ್ಕೊಂದು. ಅಲ್ಲಿ ಹಿಂದೆ ಸತ್ತವರ ಮೂಳೆ ಇಡುತ್ತಿದ್ದದ್ದು ಇಂಥ ಕಂಬದಲ್ಲೇ. ನೆಲಕ್ಕಾಗಿ ಸತ್ತು, ಸರಿಯಾಗಿ ಮಣ್ಣೂ ಕಾಣದ ಆದಿವಾಸಿಗಳಿಗೆ ಇದು ತಿಥಿ. ಈಗ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಡುವೆ ಒಂದು ದಾರಿ ಬಿಟ್ಟಿದ್ದಾರೆ, ಅವರ ಊರ ಗ್ಲೈಡ್ ನದಿ ಹರಿಯುವ ಹಾಗೆ. ಕೆಲವು ಕಂಬ ಮೊಣಕಾಲಿನಷ್ಟು, ಕೆಲವು ಒಂದೂವರೆ ಆಳೆತ್ತರ. ಮೊದಲ ಸಲ ಹೋದಾಗ ಸುಮ್ನೆ ಎಣಿಸೋಕೆ ಶುರು ಮಾಡಿದೆ, ಕಸುಬಿನ ಚಟ. ಅರವತ್ತು ದಾಟಿದ ಮೇಲೆ ಆಗಲಿಲ್ಲ, ಬಿಟ್ಟೆ.

ಚಿತ್ರಕಲೆಗೆ ಇಳಿಯೋಕೆ ವಯಸ್ಸಾಯ್ತಾ ಅಂತಲೂ ಕೊನೆಯಲ್ಲಿ ಬರೆದಿದ್ದೀರಿ. ಆದಿವಾಸಿ ಕಲಾವಿದೆ ಎಮಿಲಿ ಕಾಮೆ ಎಂಗ್ವಾರೆ ಕ್ಯಾನ್ವಾಸ್ ಮುಟ್ಟಿದ್ದು ಎಪ್ಪತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಸುಮಾರು ಹತ್ತು ವರ್ಷ ಬಾಟಿಕ್, ಅಂದರೆ ಬಟ್ಟೆಗೆ ಮೇಣ ಹಚ್ಚಿ ಬಣ್ಣ ಹಾಕೋ ಕೆಲಸ ಮಾಡಿದ್ದರು. 1996ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಸುಮಾರು 3,000 ಚಿತ್ರ! ಅಷ್ಟರಲ್ಲಿ ಎಷ್ಟು ಅವರ ಇಷ್ಟಕ್ಕೆ, ಎಷ್ಟು ವ್ಯಾಪಾರಿಗಳ ಒತ್ತಾಯಕ್ಕೆ ಅನ್ನೋ ಅನುಮಾನ ನನಗಂತೂ ಇದೆ.

ಇಲ್ಲಿಗೆ ಬಂದು ಚಿತ್ರ ಕೊಳ್ಳೋದಾದರೆ ಆ ಊರಿನವರೇ ನಡೆಸುವ ಆರ್ಟ್ ಸೆಂಟರಿನಲ್ಲಿ ಕೊಳ್ಳಿ. ಬಿಡಿಸಿದವರು ಯಾರು, ಯಾವ ಊರು, ಯಾವ ಕಥೆ ಅಂತ ಬರೆದ ಕಾಗದ ಕೊಡ್ತಾರೆ. ಅಂಗಡಿಯವನು ಆ ಕಾಗದಕ್ಕೆ ತಡವರಿಸಿದರೆ ಹೊರಗೆ ಬಂದುಬಿಡಿ.